ಗಿರಣಿ ಬೀದಿಯ ಅಗಲ

ನಮ್ಮೂರಿನ ಗಿರಣಿ ಬೀದಿಯ ಅಗಲವನ್ನು ಪ್ರತಿ ತಿಂಗಳ ಒಂದನೇ ತಾರೀಖು ಅಳೆಯಬೇಕು. ಹದಿನಾಲ್ಕು ವರ್ಷಗಳಿಂದ ಅದು ನನ್ನ ಕೆಲಸ. ಬೀದಿಯ ಮೇಲುಸಾಲಿನಲ್ಲಿ ನಾವು, ಜೋಳದವರು, ಇದ್ದೇವೆ. ಕೆಳಸಾಲಿನಲ್ಲಿ ನಾಲ್ಕು ತಲೆಮಾರಿನ ಹಿಂದೆ ಉಪ್ಪು, ಒಣಮೀನು ಹೊತ್ತು ಕಡಲ ಕಡೆಯಿಂದ ಬಂದವರು ಇದ್ದಾರೆ. ಅವರ ಮನೆಮಾತು, ಊಟ, ಹಬ್ಬ, ಹೆಣ ಒಯ್ಯುವ ದಾರಿ ಎಲ್ಲವೂ ಬೇರೆ. ಎರಡು ಸಾಲಿನ ನಡುವಿನ ಬೀದಿ ಒಂದು ತಿಂಗಳು ಇಪ್ಪತ್ತಾರು ಅಡಿ ಇದ್ದರೆ ಇನ್ನೊಂದು ತಿಂಗಳು ಇಪ್ಪತ್ತೇಳೂವರೆ ಇರುತ್ತದೆ. ನನ್ನ ಅಜ್ಜನ ಕಾಲದಲ್ಲಿ ಒಂದು ವರ್ಷ ಅದು ಮುನ್ನೂರು ಅಡಿಗೆ ಹೋಗಿ, ನಡುವೆ ಹುಲ್ಲು ಬೆಳೆದು ದನ ಮೇಯುತ್ತಿದ್ದವಂತೆ. ನಾನು ನೋಡಿಲ್ಲ, ಆದ್ದರಿಂದ ಹೌದೆಂದು ಹೇಳಲಾರೆ.

ಊರಿನವರು ಇದಕ್ಕೆ ಹೊಂದಿಕೊಂಡಿದ್ದಾರೆ. ಬೀದಿಯ ಮೇಲೆ ಅಡ್ಡ ಹೋಗುವ ಕರೆಂಟಿನ ತಂತಿಯನ್ನು ಲೈನ್‌ಮನ್ ಜೋತುಬೀಳುವಷ್ಟು ಸಡಿಲ ಬಿಟ್ಟು ಕಟ್ಟುತ್ತಾನೆ. ನೀರಿನ ಕೊಳವೆ ಬೀದಿಯ ನಡುವೆ ಒಂದರೊಳಗೊಂದು ಜಾರುವ ಹಾಗಿದೆ. ಅಗಲ ಹದಿನೈದು ಅಡಿಗಿಂತ ಕಡಿಮೆಯಾದರೆ ಬಸ್ಸು ಒಳಗೆ ಬರಲಾಗದೆ ಊರಬಾಗಿಲ ಅಗಸೆಯ ಹತ್ತಿರವೇ ನಿಲ್ಲುತ್ತದೆ, ಆಗ ಅಂಗಡಿಯವರು ಗೊಣಗುತ್ತಾರೆ. ಮದುವೆಗೆ ಚಪ್ಪರ ಹಾಕಿಸುವವರು ಬಿದಿರು ಕಡಿಸುವ ಮೊದಲು ನನ್ನನ್ನು ಬಂದು ಕೇಳುತ್ತಾರೆ. ನಾನು ಕಳೆದ ತಿಂಗಳ ಅಂಕಿ ಹೇಳಿ, "ಒಂದೆರಡು ಅಡಿ ಹೆಚ್ಚಿಗಿ ಇಟ್ಕೊಳ್ರಿ, ನನ್ನ ಮಾತ ನಂಬಿ ಕಡಿಸಬ್ಯಾಡ್ರಿ" ಎಂದು ಹೇಳಿ ಕಳಿಸುತ್ತೇನೆ.

ನಾನು ಹಗಲು ಹತ್ತಿ ಗೋದಾಮಿನಲ್ಲಿ ಚೀಲ ಹೊಲಿಯುತ್ತಾ ಸಂಜೆ ಶಾಲೆಯಲ್ಲಿ ಓದಿದವನು. ಅಳತೆಗಾರನ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿದೆ. ಹಾಗಾಗಿ ಯಾವ ಅಂಕಿಯನ್ನೂ ಒಂದೇ ಸಲಕ್ಕೆ ಬರೆಯುವುದಿಲ್ಲ. ಅಗಸೆಯ ಹತ್ತಿರ, ಶಾಲೆಯ ಮುಂದೆ, ಗಿರಣಿಯ ಮುಂದೆ ಹೀಗೆ ಮೂರು ಕಡೆ, ಒಂದೊಂದು ಕಡೆ ಮೂರು ಸಲ ಅಳೆದು ಸರಾಸರಿ ತೆಗೆಯುತ್ತೇನೆ. ಟೇಪಿನ ಇನ್ನೊಂದು ತುದಿಯನ್ನು ಎರಡೂ ಸಾಲಿಗೆ ಸೇರದವರು ಹಿಡಿಯಬೇಕೆಂದು ನಿಯಮವಿದೆ. ಊರಲ್ಲಿ ಅಂಥವರು ಗಿರಣಿಯ ಮೌಲಾಸಾಬರೊಬ್ಬರೇ. ಬೀದಿಯ ತಲೆಯಲ್ಲಿ ಅವರ ಮನೆ, ಅದಕ್ಕಂಟಿಕೊಂಡೇ ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆ ಹಿಟ್ಟು ಕೂತ ಹಾಗೆಯೇ ಬಂದು ಟೇಪು ಹಿಡಿದು ನಿಲ್ಲುತ್ತಾರೆ.

ಈ ಅಳತೆ ನಮ್ಮೂರಿಗಷ್ಟೇ ಸಂಬಂಧಪಟ್ಟದ್ದಲ್ಲ. ದೇಶದ ಇನ್ನೂರ ಹನ್ನೊಂದು ಊರುಗಳಲ್ಲಿ ಇಂಥ ಬೀದಿಗಳಿವೆ. ರಾಜಧಾನಿಯ ಸಹಬಾಳ್ವೆ ಇಲಾಖೆಯವರು ಎಲ್ಲ ಕಡೆಯ ಅಂಕಿ ತರಿಸಿಕೊಂಡು, ಅದಕ್ಕೆ ನಲವತ್ತೆರಡು ಪ್ರಶ್ನೆಗಳ ಉತ್ತರವನ್ನೂ ಸೇರಿಸುತ್ತಾರೆ. ನಾಮಫಲಕ ಎರಡೂ ಮಾತಿನಲ್ಲಿದೆಯೇ, ಶಾಲೆಗೆ ಎರಡೂ ಕಡೆಯ ಹಬ್ಬದ ರಜೆ ಉಂಟೇ, ಪಂಚಾಯಿತಿಯಲ್ಲಿ ಎರಡೂ ಕಡೆಯವರು ಕೂರುತ್ತಾರೆಯೇ, ಹೀಗೆ. ಅದರಿಂದ ದೇಶಕ್ಕೊಂದು ಅಂಕ ಬರುತ್ತದೆ, ಬೀದಿ ಕಿರಿದಾದಷ್ಟೂ ಅಂಕ ಹೆಚ್ಚು. ಬೇರೆ ಬೇರೆ ದೇಶದವರು ತಂತಮ್ಮ ಅಂಕ ತಂದು ಒಂದು ಪುಸ್ತಕ ಅಚ್ಚು ಹಾಕಿಸುತ್ತಾರೆ. ಬಗೆಬಗೆಯ ಜನ ಒಟ್ಟಿಗೆ ಬದುಕಲಿಕ್ಕೆ ಯಾವ ದೇಶ ಎಷ್ಟು ನೆರವಾಗಿದೆ ಎಂಬುದು ಅದರಲ್ಲಿ ಗೊತ್ತಾಗುತ್ತದೆಂದು ಹೇಳುತ್ತಾರೆ. ಹೋದ ಸಲ ನಮ್ಮ ದೇಶ ಹದಿನೇಳನೆಯದು.

ಅಂಕಿ ಬರೆದು ಕಳಿಸುವ ನಮೂನೆಯ ಕೊನೆಯಲ್ಲಿ ಷರಾ ಎಂದೊಂದು ಅಂಕಣವಿದೆ. ಹದಿಮೂರು ವರ್ಷ ನಾನು ಅಲ್ಲಿ ಗೆರೆ ಎಳೆಯುತ್ತಿದ್ದೆ. ಹೋದ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಅಳತೆಗಾರರು ಷರಾ ಅಂಕಣವನ್ನು ಖಾಲಿ ಬಿಡುವುದು ನಿರ್ಲಕ್ಷ್ಯವಾಗುತ್ತದೆ, ಎರಡು ಕಡೆಯವರ ನಡುವೆ ಕಂಡ ವಿಶೇಷಗಳನ್ನು ಬರೆಯತಕ್ಕದ್ದು ಎಂದು ಅದರಲ್ಲಿತ್ತು. ನಾನು ಮೂರು ದಿನ ಯೋಚಿಸಿದೆ. ನನ್ನ ಕಣ್ಣಿಗೆ ಬಿದ್ದ ವಿಶೇಷವೆಂದರೆ ಗಿರಣಿಯ ಜಗಳ ಒಂದೇ. ಅದರಲ್ಲಿ ಒಂದು ಕಡೆ ಇದ್ದವಳು ನನ್ನ ತಾಯಿ.

ಗಿರಣಿಯಲ್ಲಿ ಒಣಮೆಣಸಿನಕಾಯಿ ಬೀಸಿದ ಮೇಲೆ ಕಲ್ಲಿನಲ್ಲಿ ಖಾರ ಉಳಿಯುತ್ತದೆ. ಆಮೇಲೆ ಯಾರ ಜೋಳ ಬಿದ್ದರೂ ಮೊದಲ ಹಿಟ್ಟು ಕೆಡುತ್ತದೆ. ಅದಕ್ಕೆ ಖಾರ ಬೀಸಿಸಿದವರು ತಮ್ಮದೇ ಒಂದು ಹಿಡಿ ಕಾಳು ಹಾಕಿ ಕಲ್ಲು ತೊಳೆದು ಕೊಡಬೇಕು. ಇದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಹಿಡಿ ಎಂದರೆ ಎಷ್ಟು ಎಂಬುದನ್ನು ಮಾತ್ರ ಯಾರೂ ತೀರ್ಮಾನ ಮಾಡಿಲ್ಲ. ಮೀನಸಾರಿನ ಮಸಾಲೆ ಬೀಸಿಸಲು ಕೆಳಸಾಲಿನ ಮೋಂತಿಬಾಯಿ ಬರುವ ಹೊತ್ತಿಗೇ ನಮ್ಮವ್ವನೂ ಜೋಳದ ಬುಟ್ಟಿ ಹೊತ್ತು ಹೋಗುತ್ತಿದ್ದಳು.

"ಇದಕ್ಕ ಹಿಡಿ ಅಂತಾರೇನ ಬಾಯಮ್ಮ? ಇದರಾಗ ಗುಬ್ಬಿ ಹೊಟ್ಟಿನೂ ತುಂಬಂಗಿಲ್ಲ" ಎನ್ನುವಳು ಅವ್ವ.

"ನನ್ನ ಕೈ ಇರುವುದೇ ಇಷ್ಟು ಮಾರಾಯ್ತಿ. ದೊಡ್ಡದು ಯಾಕೆ ಕೊಡ್ಲಿಲ್ಲ ಅಂತ ದೇವರ ಹತ್ರ ಹೋಗಿ ಕೇಳು."

"ಮೀನ ಆರಿಸೂಮುಂದ ಅದ ಕೈ ಮೊರದಷ್ಟ ಆಗತೈತಲ್ಲ, ಅದು ಹೆಂಗ?"

"ಓಹೋ! ನಮ್ಮ ಮೀನು ಆರಿಸುವುದನ್ನು ನೋಡ್ಲಿಕ್ಕೆ ಮೂಗು ಮುಚ್ಚಿಕೊಂಡು ಬರ್ತೀಯಾ, ಬಿಟ್ಟುಕೊಂಡೇ ಬರ್ತೀಯಾ?"

"ಇಬ್ಬರೂ ಬಾಯಿ ಒಂಚೂರು ಮುಚ್ಚಿದ್ರ ನನಗ ಗಿರಣಿ ಸಪ್ಪಳ ಕೇಳತೈತ್ರಿ" ಎಂದು ಮೌಲಾಸಾಬರು ಕೂಗುವರು.

ನಾನು ಬೀದಿಯಲ್ಲಿ ಹೋಗುತ್ತಾ ಇಷ್ಟು ಕೇಳಿಸಿಕೊಂಡು, ತಲೆ ತಗ್ಗಿಸಿ ದಾಟಿಬಿಡುತ್ತಿದ್ದೆ. ನನಗೆ ಎದುರು ಸಾಲಿನವರ ಜೊತೆ ಯಾವ ತಕರಾರೂ ಇರಲಿಲ್ಲ. ಎದುರಾದರೆ ನಮಸ್ಕಾರ ಹೇಳುತ್ತಿದ್ದೆ, ಅವರೂ ಹೇಳುತ್ತಿದ್ದರು. ಸ್ವಂತ ತಾಯಿ ಎಂಬ ಕಾರಣಕ್ಕೆ ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ ಎಂದುಕೊಂಡು ಕೊನೆಗೆ ಷರಾ ಅಂಕಣದಲ್ಲಿ ಬರೆದೆ: "ಹಿಟ್ಟಿನ ಗಿರಣಿಯಲ್ಲಿ ಎರಡು ಕಡೆಯ ಹೆಂಗಸರ ನಡುವೆ ಪ್ರತಿದಿನ ಜಗಳ ನಡೆಯುತ್ತದೆ." ಕರಡಿನಲ್ಲಿ "ಘೋರ ಜಗಳ" ಎಂದಿದ್ದುದನ್ನು ಅತಿಯಾಯಿತೆಂದು ಹೊಡೆದುಹಾಕಿದ್ದೆ.

ಎರಡು ತಿಂಗಳಿಗೆ ಮೊಹರು ಒತ್ತಿದ ಆದೇಶ ಬಂತು. ಗಿರಣಿಯಲ್ಲಿ ಬೆಳಿಗ್ಗೆ ಮೇಲುಸಾಲಿನವರು, ಮಧ್ಯಾಹ್ನದ ಮೇಲೆ ಕೆಳಸಾಲಿನವರು. ನಡುವೆ ಗಿರಣಿಯವರೇ ಇಲಾಖೆ ಕೊಡುವ ತೌಡು ಹಾಕಿ ಕಲ್ಲು ತೊಳೆಯಬೇಕು. ಎರಡು ತಿಂಗಳಿಗೊಮ್ಮೆ ಸೌಹಾರ್ದ ಸಪ್ತಾಹ ನಡೆಸಿ ಎರಡೂ ಸಾಲಿನವರು ತಟ್ಟೆಯಲ್ಲಿ ಸಿಹಿ ಇಟ್ಟು ಬದಲಾಯಿಸಿಕೊಳ್ಳಬೇಕು. ಮೌಲಾಸಾಬರು ಆದೇಶವನ್ನು ಗಿರಣಿಯ ಗೋಡೆಗೆ ಅಂಟಿಸಿದರು. ಜಗಳ ಅಂದೇ ನಿಂತಿತು. ಸಪ್ತಾಹವೂ ಚೆನ್ನಾಗಿಯೇ ಆಯಿತು. ತಟ್ಟೆಗಳು ಹೋದವು, ತೊಳೆದು ಒರೆಸಿದ ತಟ್ಟೆಗಳು ವಾಪಸು ಬಂದವು. ಇಲಾಖೆಯವರು ಫೋಟೊ ತೆಗೆದುಕೊಂಡು ಹೋದರು.

ಮುಂದಿನ ತಿಂಗಳು ಬೀದಿ ಇಪ್ಪತ್ತೆಂಟು ಅಡಿ ಬಂತು. ಅದರ ಮುಂದಿನ ತಿಂಗಳು ಇಪ್ಪತ್ತೆಂಟೂವರೆ. ನಾನು ತಪ್ಪು ನನ್ನದಿರಬೇಕೆಂದು ಟೇಪನ್ನು ಒಯ್ದು ಪಂಚಾಯಿತಿಯ ಕಬ್ಬಿಣದ ಗಜದ ಪಕ್ಕ ಇಟ್ಟು ನೋಡಿದೆ. ಟೇಪು ಸರಿಯಾಗಿತ್ತು. ಕಣ್ಣು ತೋರಿಸಿಕೊಂಡು ಬಂದೆ, ಕಣ್ಣೂ ಸರಿಯಾಗಿತ್ತು. ಹೀಗೇ ಏರುತ್ತಾ ಆದೇಶ ಬಂದ ಏಳನೇ ತಿಂಗಳಿಗೆ ಇಪ್ಪತ್ತೊಂಬತ್ತೂಕಾಲು.

ಅದೇ ತಿಂಗಳು ಹೊಸ ಸುತ್ತೋಲೆ ಬಂತು. ವರ್ಷದ ಕೊನೆಯ ಅಳತೆಯಲ್ಲಿ ಮೂವತ್ತು ಅಡಿಯ ಒಳಗಿರುವ ಊರುಗಳಿಗೆ ಹೆರಿಗೆ ಆಸ್ಪತ್ರೆ ಮಂಜೂರಾಗುತ್ತದೆ, ಕಟ್ಟಡ ಆಗುವ ತನಕ ಕಾಯಬೇಕಿಲ್ಲ, ಪಂಚಾಯಿತಿಯ ಕೋಣೆಯಲ್ಲೇ ಶುರುಮಾಡಲು ಡಾಕ್ಟರನ್ನೂ ನರ್ಸನ್ನೂ ಹದಿನೈದು ದಿನದೊಳಗೆ ಕಳಿಸಲಾಗುವುದು ಎಂದಿತ್ತು. ಸುದ್ದಿ ಕೇಳಿ ಎರಡೂ ಸಾಲಿನವರು ಖುಷಿಪಟ್ಟರು. ಜಿಲ್ಲಾ ಆಸ್ಪತ್ರೆ ನಮ್ಮೂರಿಗೆ ಮೂವತ್ತೆರಡು ಮೈಲಿ. ನಾನು ಆ ಸುತ್ತೋಲೆಯನ್ನು ಮನೆಗೆ ತಂದು ನನ್ನ ತಂಗಿ ಪಾರವ್ವನಿಗೆ ಓದಿ ಹೇಳಿದೆ. ಹಿಂದಿನ ಸಲ ಅವಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ದಾರಿಯಲ್ಲೇ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಅವಳು ಉಳಿದದ್ದೇ ಹೆಚ್ಚೆಂದು ಡಾಕ್ಟರು ಹೇಳಿದ್ದರು, ಮುಂದಿನ ಸಲ ಆಸ್ಪತ್ರೆಯ ಬಾಗಿಲಲ್ಲೇ ಇರಬೇಕೆಂದೂ ಹೇಳಿದ್ದರು. ಅವಳ ಗಂಡ ರೋಡ್ ರೋಲರ್ ನಡೆಸುವವನು, ಯಾವಾಗಲೂ ಯಾವುದೋ ದೂರದ ರಸ್ತೆಯ ಮೇಲೆ ಇರುತ್ತಾನೆ. ಈಗ ಅವಳಿಗೆ ಮತ್ತೆ ಆರು ತುಂಬಿ ಏಳರಲ್ಲಿ ಬಿದ್ದಿತ್ತು.

"ಮೂವತ್ತರ ಒಳಗ ಐತಲ್ಲಣ್ಣಾ ಬೀದಿ?" ಎಂದು ಕೇಳಿದಳು.

"ಐತಿ" ಎಂದೆ. ಮುಕ್ಕಾಲು ಅಡಿ ಒಳಗಿತ್ತು.

ಅಂದಿನಿಂದ ನಾನು ಅಳತೆಯ ದಿನವಲ್ಲದಿದ್ದರೂ ಬೀದಿಗೆ ಅಡ್ಡಲಾಗಿ ಹೆಜ್ಜೆ ಎಣಿಸತೊಡಗಿದೆ. ಒಂದು ಮಧ್ಯಾಹ್ನ ಮೌಲಾಸಾಬರು ಗಿರಣಿಯ ಬೆಲ್ಟು ಬಿಚ್ಚಿ ಕೂತಿದ್ದರು. ಮೇಲುಸಾಲಿನವರ ಹೊತ್ತು ಮುಗಿದಿತ್ತು, ಕೆಳಸಾಲಿನವರದು ಇನ್ನೂ ಶುರುವಾಗಿರಲಿಲ್ಲ. ನಾನು ಹೋಗಿ, ಬೀದಿ ಯಾಕೆ ಹೀಗೆ ಹಿಗ್ಗುತ್ತಿದೆ ಎಂದು ಕೇಳಿದೆ.

"ನೀ ಓದಿದಾಂವ, ನನ್ನ ಕೇಳ್ತೀಯಲ್ಲಪಾ" ಎಂದರು. ಆಮೇಲೆ ಗೋಡೆ ಬದಿಯ ಹಲಗೆಯನ್ನು ತೋರಿಸಿದರು. "ಈ ಹಲಗಿ ಮ್ಯಾಲೆ ಈಗ ಯಾರೂ ಕುಂಡ್ರೂದಿಲ್ಲ. ಮೊದಲು ನಿಮ್ಮವ್ವ, ಆ ಬಾಯಮ್ಮ ಜಗಳಾಡಿ ಜಗಳಾಡಿ ದಣದು ಇದರ ಮ್ಯಾಲೇ ಕುಂಡ್ರತಿದ್ರು. ಸರದಿ ಬರೂತನಕ ಎಲಿಅಡಿಕಿ ಆಕಿದು, ಸುಣ್ಣ ಈಕಿದು. ಬಾಯಮ್ಮನ ಸೊಸಿ ಹೊಟ್ಟಿನೋವಿಗೆ ಕಷಾಯ ಹೇಳಿಕೊಟ್ಟಾಕಿ ನಿಮ್ಮವ್ವ. ನೀ ಬಾಗಲ ಮುಂದ ಹಾದು ಹೋಗಾಂವ, ಜಗಳ ಅಷ್ಟ ಕೇಳಿರ್ತೀ."

ನಾನು ಆ ಹಲಗೆಯ ಮೇಲೆಯೇ ಕೂತೆ. ಷರಾ ಬರೆದವನು ನಾನೇ ಎಂದು ಹೇಳಿದೆ. ಮೌಲಾಸಾಬರು ನನ್ನನ್ನು ಬೈಯಲಿಲ್ಲ. ಆದೇಶ ತೆಗೆದುಬಿಡಿ ಎಂದು ಬೇಡಿಕೊಂಡರೆ, "ಮೊಹರ ಐತಪಾ ಅದರ ಮ್ಯಾಲೆ. ನನ್ನ ಗಿರಣಿ ಲೈಸೆನ್ಸೂ ಅದ ಮೊಹರಿನಾಗ ಐತಿ" ಎಂದರು.

ವರ್ಷದ ಕೊನೆಯ ಅಳತೆಗೆ ಇನ್ನು ಹನ್ನೆರಡು ದಿನವಿತ್ತು. ಬೇರೆ ದಾರಿ ಕಾಣದೆ ನಾನು ಒಂದು ಕೆಲಸ ಮಾಡಿದೆ. ಬೀದಿಗೆ ಒಳ್ಳೆಯದಾಗುತ್ತದೆ, ಆಸ್ಪತ್ರೆ ಬರುತ್ತದೆ ಎಂದು ಹೇಳಿ ಅವ್ವನನ್ನೂ ಮೋಂತಿಬಾಯಿಯನ್ನೂ ಒಪ್ಪಿಸಿ, ಇಬ್ಬರ ಹೊತ್ತೂ ಅಲ್ಲದ ಮಧ್ಯಾಹ್ನದ ವೇಳೆಗೆ ಗಿರಣಿಗೆ ಕರೆಸಿ, ಮೊದಲಿನ ಹಾಗೆ ಜಗಳಾಡಿ ಎಂದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡು ನಿಂತರು. ಏಳೆಂಟು ತಿಂಗಳಿಂದ ಅವರು ಮಾತಾಡಿರಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡಳು.

"ಬೈ ಅಂದ್ರ ಹೆಂಗ ಬೈಯೂದು" ಎಂದಳು. ನಾನು ಕಣ್ಣಲ್ಲೇ ಒತ್ತಾಯ ಮಾಡಿದ ಮೇಲೆ ಹೇಳಿದಳು, "ಆವಾಗ ನೀವು ಹಾಕತಿದ್ದ ಹಿಡಿ ಒಂಚೂರು ಸಣ್ಣದಿತ್ತು ಅನಸ್ತದರಿ."

ಅವ್ವ ಮೋಂತಿಬಾಯಿಗೆ ಬಹುವಚನ ಹಾಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಹೌದಾ ಅಮ್ಮ? ಮುಂದಿನ ಸಲ ದೊಡ್ಡದು ಹಾಕ್ತೇನೆ" ಎಂದಳು ಮೋಂತಿಬಾಯಿ.

"ಇರಲಿ ಬಿಡ್ರಿ, ನಡೀತೈತಿ."

"ಇದೇನ ಜಗಳೋ, ಬೀಗರ ಉಪಚಾರೋ?" ಎಂದು ಮೌಲಾಸಾಬರು ಬೆಲ್ಟು ಏರಿಸಲು ಎದ್ದರು. ಹೆಂಗಸರಿಬ್ಬರೂ ನಮಸ್ಕಾರ ಹೇಳಿಕೊಂಡು ತಂತಮ್ಮ ಸಾಲಿಗೆ ಹೋದರು. ಮರುದಿನ ಗಿರಣಿಯ ಮುಂದೆ ಹೆಜ್ಜೆ ಹಾಕಿ ನೋಡಿದರೆ ಬೀದಿ ಇನ್ನೂ ಅರ್ಧ ಹೆಜ್ಜೆ ಹಿಗ್ಗಿತ್ತು.

ಕೊನೆಯ ಅಳತೆಗೆ ರಾಜಧಾನಿಯಿಂದ ವನಮಾಲಾ ಎಂಬ ಅಧಿಕಾರಿ ಜೀಪಿನಲ್ಲಿ ಬಂದರು. ಐವತ್ತರ ಹತ್ತಿರದವರು, ಒಳ್ಳೆಯವರು. ಬಿಸಿಲಲ್ಲಿ ನನ್ನ ಜೊತೆಗೇ ನಿಂತು, ಮೂರು ಕಡೆಯೂ ಟೇಪಿನ ಅಂಕಿಯನ್ನು ತಾವೇ ಬಗ್ಗಿ ನೋಡಿದರು. ಅಗಸೆಯ ಹತ್ತಿರ ಮೂವತ್ತೊಂದು. ಶಾಲೆಯ ಮುಂದೆ ಮೂವತ್ತೊಂದೂಕಾಲು. ಗಿರಣಿಯ ಮುಂದೆ ಮೂವತ್ತೆರಡೂಕಾಲು. ಸರಾಸರಿ ಮೂವತ್ತೊಂದೂವರೆ. ಜನ ಕಟ್ಟೆಗಳ ಮೇಲೆ ನಿಂತು ನೋಡುತ್ತಿದ್ದರು. ಅಂಕಿ ಏನೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಪಂಚಾಯಿತಿಯ ಜಗಲಿಯಲ್ಲಿ ನಮೂನೆ ಬಿಡಿಸಿಕೊಂಡು ಕೂತಾಗ ವನಮಾಲಾ ಅವರು, "ಟೇಪು ಬಿಸಿಲಿಗೆ ಹಿಗ್ಗಿರಬಹುದಾ?" ಎಂದು ಕೇಳಿದರು.

"ಹಿಗ್ಗಿದ್ರ ಅಳತಿ ಕಡಿಮಿ ಬರಬೇಕ್ರಿ ಮೇಡಂ, ಹೆಚ್ಚಿಗಿ ಬರೂದಿಲ್ಲ" ಎಂದೆ. ಹೇಳಿದ ಮೇಲೆ, ಯಾಕೆ ಹೇಳಿದೆನೋ ಅನ್ನಿಸಿತು.

ಅವರು ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ರುದ್ರಮುನಿಯವರೇ, ನಿಮ್ಮೂರಲ್ಲಿ ಎಂಟು ತಿಂಗಳಿಂದ ಒಂದೂ ಜಗಳವಿಲ್ಲ. ನಲವತ್ತೆರಡು ಪ್ರಶ್ನೆಗೂ ಉತ್ತರ ಚೆನ್ನಾಗಿದೆ. ಈ ಸಲ ದೇಶ ಹದಿನಾಲ್ಕಕ್ಕೆ ಬರುತ್ತೆ ಅಂತ ಮೇಲಿನವರು ಕಾಯ್ತಾ ಇದಾರೆ. ಇಲ್ಲಿನ ಅಂಕಿ ಒಳ್ಳೆಯದಾದರೆ ನಿಮ್ಮ ಗಿರಣಿಯ ವೇಳಾಪಟ್ಟಿಯನ್ನೇ ಇನ್ನೂರ ಹತ್ತು ಊರಿಗೂ ಕಳಿಸ್ತೀವಿ. ಬರೆಯೋರು ನೀವು. ನಾನು ಟೀ ಕುಡಿದು ಬರ್ತೀನಿ."

ಅವರು ಎದ್ದುಹೋದರು. ನಾನು ನಮೂನೆಯ ಮುಂದೆ ಕೂತೆ. ಜಗಲಿಯಿಂದ ನಮ್ಮ ಮನೆ ಕಾಣುತ್ತದೆ. ಪಾರವ್ವ ಬಾಗಿಲ ಚೌಕಟ್ಟಿಗೆ ಸೊಂಟ ಆನಿಸಿ ನಿಂತಿದ್ದಳು. ಇಪ್ಪತ್ತೊಂಬತ್ತೂವರೆ ಎಂದು ಬರೆಯುವುದು ದೊಡ್ಡ ಕೆಲಸವೇನಲ್ಲ, ಒಂದು ಸಾಲು. ಇನ್ನೂರ ಹನ್ನೊಂದು ಊರಿನಲ್ಲಿ ನನ್ನಂಥ ಇನ್ನೂರ ಹನ್ನೊಂದು ಜನ ಇದ್ದಾರೆ, ಅವರಿಗೂ ತಂಗಿಯರಿರುತ್ತಾರೆ, ಅವರೆಲ್ಲ ಏನು ಬರೆಯುತ್ತಾರೋ ಯಾರು ಕಂಡವರು ಎಂದೂ ಯೋಚಿಸಿದೆ. ಆದರೆ ಹಾಗೆ ಬರೆದರೆ ಗಿರಣಿಯ ಆದೇಶ ಸರಿಯೆಂದು ನಾನೇ ಸಹಿ ಮಾಡಿದಂತಾಗುತ್ತದೆ. ಎಲ್ಲ ಊರಿನ ಗಿರಣಿಗಳಲ್ಲೂ ಹಲಗೆ ಖಾಲಿಯಾಗುತ್ತದೆ. ನಮ್ಮ ಬೀದಿ ಮುಂದಿನ ವರ್ಷ ನಲವತ್ತಾಗುತ್ತದೆ, ಆಗಲೂ ನಾನೇ ಇಪ್ಪತ್ತೊಂಬತ್ತೂವರೆ ಎಂದು ಬರೆಯುತ್ತಿರಬೇಕಾಗುತ್ತದೆ. ತಂಗಿಯ ಜೀವಕ್ಕಿಂತ ಇದೆಲ್ಲ ದೊಡ್ಡದೇ ಎಂದೂ ಕೇಳಿಕೊಂಡೆ. ಕೈ ಮೂವತ್ತೊಂದೂವರೆ ಎಂದು ಬರೆಯಿತು. ಷರಾ ಅಂಕಣದಲ್ಲಿ, "ಈ ಹಿಂದೆ ಗಿರಣಿಯ ಜಗಳದ ಬಗ್ಗೆ ನಾನು ಬರೆದ ಷರಾ ಅರ್ಧ ತಿಳಿದು ಬರೆದದ್ದು. ಅದರಿಂದ ಬಂದ ಆದೇಶದ ನಂತರ ಬೀದಿ ಅಗಲವಾಗಿದೆ. ತಪ್ಪು ಅಳತೆಗಾರನದು" ಎಂದು ಬರೆದು ಸಹಿ ಹಾಕಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇವತ್ತಿಗೂ ಖಾತ್ರಿಯಿಲ್ಲ.

ವನಮಾಲಾ ಅವರು ಬಂದು ಕೂತು ಓದಿದರು. ಆಮೇಲೆ ಎದ್ದು ನಿಂತು, ನಿಯಮದ ಪ್ರಕಾರ ಅಂಕಿಯನ್ನೂ ಷರಾವನ್ನೂ ಜನರ ಮುಂದೆ ಗಟ್ಟಿಯಾಗಿ ಓದಿದರು. ಗಿರಣಿಯ ಆದೇಶವನ್ನು ಮರುಪರಿಶೀಲನೆಗೆ ತಡೆಹಿಡಿಯುತ್ತೇನೆ, ಅಷ್ಟು ಅಧಿಕಾರ ನನಗಿದೆ, ಆಸ್ಪತ್ರೆಯ ಮಾತು ಮಾತ್ರ ನನ್ನ ಕೈಯಲ್ಲಿಲ್ಲ ಎಂದು ಹೇಳಿ ಜೀಪು ಹತ್ತಿದರು.

ನಾನು ಮನೆ ಸೇರುವ ಮೊದಲೇ ಮೋಂತಿಬಾಯಿ ನಮ್ಮ ಕಟ್ಟೆಯ ಮೇಲಿದ್ದಳು. ಹಿಂದೆ ಕೆಳಸಾಲಿನ ಹತ್ತು ಹನ್ನೆರಡು ಹೆಂಗಸರು, ಮುಂದೆ ನಮ್ಮವ್ವ. ಇಬ್ಬರೂ ನನ್ನ ಕಡೆಗೇ ತಿರುಗಿದ್ದರು.

"ಏನು ಅಳತೆ ಮಾಸ್ತರೇ, ನಮಸ್ಕಾರ ಹೇಳಿ ಹೇಳಿ ಹಿಂದಿನಿಂದ ರಾಜಧಾನಿಗೆ ಬರೆದು ಕಳಿಸಿದ್ದಾ? ನಾನು ಜಗಳಗಂಟಿ ಅಂತ? ನನ್ನ ಗಂಡ ಕೂಡಾ ಇಷ್ಟು ವರ್ಷದಲ್ಲಿ ಬರೆದು ಕೊಡ್ಲಿಲ್ಲ!"

"ಹೆತ್ತ ತಾಯಿ ಮ್ಯಾಲೆ ಕಾಗದಾ ಬರದಾನ ನೋಡ ಬಾಯಮ್ಮ" ಎಂದಳು ಅವ್ವ. "ಸಂಜಿ ಸಾಲಿಗೆ ಕಲಿಯಾಕ ಹೋಗೂಮುಂದ ನಾನ ಬುತ್ತಿ ಕಟ್ಟಿ ಕಳಸೀನಿ. ಇದಕ್ಕ ಕಳಸೀನೇನ?"

"ಹೆಸರ ಬರದಿಲ್ಲವ್ವ" ಎಂದೆ.

"ಹೆಸರು ಬೇರೆ ಬೇಕಿತ್ತಾ? ಇಡೀ ಊರಲ್ಲಿ ಗಿರಣಿಯಲ್ಲಿ ಬಾಯಿ ಮಾಡುವವರು ನಾವಿಬ್ಬರೇ ಇರುವುದು" ಎಂದಳು ಮೋಂತಿಬಾಯಿ. "ಅದು ಹೋಗ್ಲಿ. ಬರೆದದ್ದು ಬರೆದ್ರಿ. ಇವತ್ತು ಎರಡು ಅಡಿ ಕಡಿಮೆ ಬರೀಲಿಕ್ಕೆ ಎಂತ ದಾಡಿ? ಆ ಹುಡುಗಿ ಎಲ್ಲಿ ಹೆರಬೇಕು ಇನ್ನು? ನಿಮ್ಮ ಟೇಪಿನ ಮೇಲಾ?"

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದೆ. ಆ ಮಾತಿಗೆ ಏನಾಯಿತೋ, "ಇದ್ದದ್ದ ಬರದೀನಿ! ನೀವಿಬ್ಬರೂ ಬೈಯ್ರಿ ಅಂದಾಗ ಬೈದಿದ್ರ ಇದು ಬರತಿರಲಿಲ್ಲ! ನಿಮಗ ಏನ ಗೊತ್ತು, ಹನ್ನೆರಡು ದಿನದಿಂದ ಅನ್ನ ಸೇರಿಲ್ಲ ನನಗ!" ಎಂದು ಬೀದಿಗೆ ಕೇಳುವಂತೆ ಕೂಗಿಬಿಟ್ಟೆ. ಎದುರು ಸಾಲಿನ ಯಾರ ಮೇಲೂ ನಾನು ಈ ಜನ್ಮದಲ್ಲಿ ದನಿ ಎತ್ತಿದವನಲ್ಲ.

"ಅಬ್ಬ, ಬಾಯಿ ಉಂಟು!" ಎಂದು ಮೋಂತಿಬಾಯಿ ಹಿಂದಿದ್ದವರಿಗೆ ಹೇಳಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಸರಿಯಾಗಿ ಕೂತಳು. "ಕೂಗಿ ಆಯ್ತಲ್ಲ, ಈಗ ಕೇಳಿ. ಜಿಲ್ಲಾ ಆಸ್ಪತ್ರೆಯ ಹಿಂದಿನ ಗೇಟಿನ ಎದುರು ನನ್ನ ತಂಗಿ ನತಾಲಿಯಾ ಇದ್ದಾಳೆ. ಅಲ್ಲೇ ಆಯಾ ಕೆಲಸ ಅವಳಿಗೆ. ಮೇಲೆ ಒಂದು ಕೋಣೆ ಖಾಲಿ ಉಂಟು. ಹುಡುಗಿಯನ್ನು ಈ ಮಂಗಳವಾರವೇ ಕಳಿಸಿ. ಹೆತ್ತು ಬರ್ಲಿ."

ಹದಿನಾಲ್ಕು ವರ್ಷ ಅವಳ ಬಾಗಿಲ ಮುಂದೆ ಬಗ್ಗಿ ನಿಂತು ಅಳತೆ ತೆಗೆದರೂ ಅವಳಿಗೊಬ್ಬ ತಂಗಿ ಇದ್ದಾಳೆಂಬುದು ನನಗೆ ತಿಳಿದಿರಲಿಲ್ಲ. ಕೇಳಿಯೂ ಇರಲಿಲ್ಲ. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಅವ್ವ ಬಾಯಿ ಹಾಕಿದಳು.

"ಕಳಸೂದು ಖರೇ. ಅಲ್ಲಿ ಆಕಿ ಉಣ್ಣೂದು ಏನ? ನಿಮ್ಮ ಮನ್ಯಾಗ ಮುಂಜಾನಿಂದ ಸಂಜಿಮಟ ಮೀನ."

"ಮೀನು ತಿನ್ನಿಸ್ಲಿಕ್ಕೆ ನಮಗೇನು ಹುಚ್ಚಾ? ಅದರ ರೇಟು ಗೊತ್ತುಂಟಾ? ಗಂಜಿ ಮಾಡಿ ಹಾಕ್ತಾಳೆ."

"ಗಂಜಿ ಉಂಡು ಹೆರಾಕ ಶಕ್ತಿ ಎಲ್ಲಿಂದ ಬರಬೇಕ? ರೊಟ್ಟಿ ಬೇಕ ಆಕಿಗೆ. ನಮ್ಮ ಜೋಳದ ಹಿಟ್ಟು, ನಮ್ಮ ಹಂಚು, ನಮ್ಮ ಪಾತ್ರಿ ಕಟ್ಟಿ ಕಳಸ್ತೀನಿ."

"ಯಾಕೆ? ನಮ್ಮ ಪಾತ್ರೆಗೆ ಮುಳ್ಳು ಉಂಟಾ?"

"ಮುಳ್ಳ ಅಲ್ಲ, ವಾಸನಿ ಐತಿ."

"ಹೋ! ಹಾಗಾದ್ರೆ ಬೇಡವೇ ಬೇಡ. ಮಗಳನ್ನು ಟ್ರ್ಯಾಕ್ಟರಲ್ಲೇ ಹೆರಿಸಿ!"

ಮೋಂತಿಬಾಯಿ ತಾನಾಡಿದ ಮಾತಿಗೆ ತಾನೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪಾರವ್ವ, "ನನ್ನನ್ನ ಯಾರರ ಕೇಳ್ತೀರೇನ?" ಎಂದಳು. "ರೊಟ್ಟಿ ನಾನ ಬಡಕೋತೀನಿ. ಪಾತ್ರಿ ಅವರದ ಇರಲಿ. ಹಂಚು ನಮ್ಮದು."

ಒಪ್ಪಂದ ಆಗಲು ಇನ್ನೂ ಒಂದು ತಾಸು ಹಿಡಿಯಿತು. ಹಂಚು ಯಾವ ಒಲೆಯ ಮೇಲೆ ಇಡಬೇಕು, ಅವರ ಪ್ರಾರ್ಥನೆಯ ಹೊತ್ತಿಗೆ ಇವಳು ಏನು ಮಾಡಬೇಕು, ಹೆರಿಗೆಯಾದ ಮೇಲೆ ಕೊಡುವ ಖಾರದ ಉಂಡೆ ಯಾರ ಕಡೆಯದು ಎಂದು ಒಂದೊಂದಕ್ಕೂ ಜಗಳವಾಯಿತು. ಕೆಳಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಕೂತರು. ಮೇಲುಸಾಲಿನವರೂ ಬಂದರು. ನಾನು ಒಂದು ಕಡೆ ಬದಿಗೆ ನಿಂತಿದ್ದೆ. ನಡುನಡುವೆ ಯಾರದಾದರೂ ಕಣ್ಣು ನನ್ನ ಮೇಲೆ ಬಿದ್ದರೆ, ಆಗ ಎಲ್ಲರೂ ಒಂದು ಸುತ್ತು ನನ್ನನ್ನು ಬೈದು ಮತ್ತೆ ತಮ್ಮ ಮಾತಿಗೆ ಹೋಗುತ್ತಿದ್ದರು.

ಮಂಗಳವಾರ ಬಸ್ಸಿನಲ್ಲಿ ಪಾರವ್ವನನ್ನು ನಾನೇ ಬಿಟ್ಟು ಬಂದೆ. ನತಾಲಿಯಾ ಅವರ ಮನೆಯಿಂದ ಆಸ್ಪತ್ರೆಯ ಹಿಂದಿನ ಗೇಟಿಗೆ ನಲವತ್ತು ಹೆಜ್ಜೆ. ಎರಡು ಸಲ ಎಣಿಸಿದೆ. ಊರಿಗೆ ಆಸ್ಪತ್ರೆ ಮಂಜೂರಾಗಲಿಲ್ಲ, ಅದು ಇಪ್ಪತ್ತೆರಡು ಅಡಿಯ ಇನ್ನೊಂದು ಊರಿಗೆ ಹೋಯಿತೆಂದು ಕಾಗದ ಬಂತು. ಅದಕ್ಕಾಗಿ ನನ್ನ ಮೇಲೆ ಸಿಟ್ಟಾಗಿರುವವರು ಎರಡೂ ಸಾಲಿನಲ್ಲಿ ಈಗಲೂ ಇದ್ದಾರೆ. ಕೆಳಸಾಲಿನ ಪಾಸ್ಕಲ್ ಎಂಬವನ ಹೆಂಡತಿಗೂ ಆಗ ಐದು ತಿಂಗಳು. ಅವನು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಅವನ ಮನೆಗೆ ಹೋಗಿ ಕೇಳಬೇಕು, ಆಸ್ಪತ್ರೆಯ ಹತ್ತಿರ ಇಳಿದುಕೊಳ್ಳಲು ಏನು ವ್ಯವಸ್ಥೆ ಮಾಡಿಕೊಂಡಿದ್ದೀಯಪ್ಪ ಎಂದು. ಎರಡು ಸಲ ಅವನ ಬಾಗಿಲ ತನಕ ಹೋಗಿ ವಾಪಸು ಬಂದಿದ್ದೇನೆ. ಮೂರನೇ ಸಲ ತಟ್ಟಬೇಕೆಂದಿದ್ದೇನೆ.

ಪಾರವ್ವನನ್ನು ಬಿಟ್ಟು ಬಂದ ಐದು ವಾರದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನಾನು ಕಂಬದ ಹತ್ತಿರ ನಿಂತಿದ್ದೆ. ಗಿರಣಿಯಲ್ಲಿ ಫೋನು ಇದೆ. ಅಲ್ಲಿ ಖಾರ ಬೀಸಿಸುತ್ತಿದ್ದ ಮೋಂತಿಬಾಯಿ ಓಡಿಬರುತ್ತಾ ದೂರದಿಂದಲೇ ಶುರುಮಾಡಿದಳು.

"ನಿನ್ನ ಮಗಳು ಎಂತ ಹಟಮಾರಿ ಮಾರಾಯ್ತಿ! ಮೂರು ದಿನದಿಂದ ಗಂಜಿ ಮುಟ್ಟಿಲ್ಲವಂತೆ. ನೋವು ಶುರುವಾದ ಮೇಲೂ ರೊಟ್ಟಿ ಬಡೀತಾ ಕೂತಿದ್ದಳಂತೆ. ನತಾಲಿಯಾ ಕೈ ಹಿಡಿದು ಎಳ್ಕೊಂಡು ಹೋದದ್ದಂತೆ ಗೇಟಿಗೆ. ಹಂಚು ಒಲೆಯ ಮೇಲೆಯೇ ಉಳಿದು ಸೀದು ಹೋಗಿದೆ, ಮನೆಯೆಲ್ಲ ಹೊಗೆ. ನಮ್ಮ ಮನೆಗೆ ವಾಸನೆ ಅಂತ ಹೇಳಿದ್ದು ಯಾರು? ಈಗ ಯಾರದು ವಾಸನೆ?"

ಅವ್ವ ಎದ್ದು ನಿಂತಳು. ಮೊರದ ಜೋಳ ಕಟ್ಟೆಯ ಮೇಲೆಲ್ಲ ಚೆಲ್ಲಿತು.

"ಹೆಣ್ಣು" ಎಂದಳು ಮೋಂತಿಬಾಯಿ, ಉಸಿರು ತೆಗೆದುಕೊಳ್ಳುತ್ತಾ. "ಅಳು ಜೋರುಂಟಂತೆ. ತಾಯಿಯೂ ಹುಷಾರಿದ್ದಾಳೆ, ಹಂಚು ಎಲ್ಲಿ ಅಂತ ಕೇಳ್ತಿದ್ದಾಳಂತೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಸೀದದ್ದು ನಿಮ್ಮ ಒಲಿ ತಪ್ಪು, ನಮ್ಮ ಹಂಚಿಂದಲ್ಲ" ಎಂದಳು. ಮೋಂತಿಬಾಯಿ ಅದಕ್ಕೆ ಏನೋ ಉತ್ತರ ಕೊಡುತ್ತಾ ಕಟ್ಟೆ ಹತ್ತಿ ಬಂದಳು. ಅವಳು ಬೀದಿ ದಾಟಿ ನಮ್ಮ ಸಾಲಿಗೆ ಎಷ್ಟು ಹೆಜ್ಜೆಯಲ್ಲಿ ಬಂದಳೆಂದು ನಾನು ಎಣಿಸಿರಲಿಲ್ಲ. ಅಂದು ಅಳತೆಯ ದಿನವೂ ಅಲ್ಲ.